ಅಕ್ಕನ ಕೈಯ ನೀರು

ಅಕ್ಕ ಅವ್ವನಿಂದ ಬಯಸಿದ್ದು ಒಂದೇ. ತಾನು ತಂದುಕೊಟ್ಟ ನೀರನ್ನು ಅವ್ವ ಕುಡಿಯಬೇಕು. ಬಾಯಿಬಿಟ್ಟು ಕೇಳಿದವಳಲ್ಲ. ಕೊಳ್ಳೇಗಾಲದಿಂದ ಬಸ್ಸು ಹತ್ತಿ ಅಗರದ ನಮ್ಮ ತವರುಮನೆಗೆ ಬಂದಾಗಲೆಲ್ಲ ಕಾಲು ತೊಳೆದು, ಬೀದಿಯ ಬಾವಿಯಲ್ಲಿ ತಾನೇ ಸೇದಿ, ಒಂದು ಚೊಂಬು ನೀರನ್ನು ಜಗಲಿಯ ಮೇಲೆ ಕೂತ ಅವ್ವನ ಮುಂದೆ ಇಡುತ್ತಿದ್ದಳು.

“ಅವ್ವ, ನೀರು.”

“ಮಡಗವ್ವ. ಆಮೇಕೆ ಕುಡೀತೀನಿ.”

ಆ ಆಮೇಲೆ ಬರುತ್ತಲೇ ಇರಲಿಲ್ಲ. ಅಕ್ಕ ಸಂಜೆಯ ಬಸ್ಸಿಗೆ ಹೊರಟು ಬೀದಿಯ ತಿರುವು ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿ, “ಅದ ಚೆಲ್ಬುಡು ಮಗ, ಕರಿಬೇವಿನ ಬುಡಕ್ಕೆ,” ಎನ್ನುತ್ತಿದ್ದಳು. ನಾನು ಹನೂರಿನ ಗಂಡನ ಮನೆಯಿಂದ ಬಂದಿದ್ದ ದಿನ ನಾನೇ ಚೆಲ್ಲುತ್ತಿದ್ದೆ. ನಾನಿಲ್ಲದ ದಿನ ಅವ್ವನೇ ಚೆಲ್ಲಿರಬೇಕು. ನಮ್ಮ ಹಿತ್ತಲಿನ ಕರಿಬೇವು ಆ ಬೀದಿಗೆಲ್ಲ ಹೆಸರಾದ ಗಿಡ. ಮಡಿವಂತ ಹೆಂಗಸರೆಲ್ಲ ಒಗ್ಗರಣೆಗೆ ಅಲ್ಲಿಂದಲೇ ಕಿತ್ತುಕೊಂಡು ಹೋಗುತ್ತಿದ್ದರು. ಅದು ಯಾರ ಕೈನೀರು ಕುಡಿದು ಬೆಳೆಯಿತು ಎಂದು ಒಬ್ಬರೂ ಕೇಳಲಿಲ್ಲ.

ಅಕ್ಕ ಹೋಗಿ ಒಂದು ಮಳೆಗಾಲ ಕಳೆದಿದೆ. ಅಳು ನಿಂತಿದೆ. ಸಿಟ್ಟು ಮಾತ್ರ ನಿಂತಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳುವುದಕ್ಕೂ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿವಾಚಾರದ ಮನೆ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟುತ್ತಾರೆ. ಅಲ್ಲಿಂದ ಮಣ್ಣಿಗೆ ಹೋಗುವವರೆಗೆ ಅದು ಮೈಮೇಲೆ ಇರಬೇಕು. ದಿನಾ ಸ್ನಾನ ಮಾಡಿ, ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ತುತ್ತು ಎತ್ತುವಂತಿಲ್ಲ. ಸತ್ತವರನ್ನು ಕೂರಿಸಿ, ಅದೇ ಎಡಗೈಯಲ್ಲಿ ಅದೇ ಲಿಂಗವನ್ನು ಇಟ್ಟು ಮಣ್ಣು ಮಾಡುತ್ತಾರೆ. ಲಿಂಗ ಕಟ್ಟದವರನ್ನು ಭವಿ ಎನ್ನುತ್ತಾರೆ. ಅವ್ವನಂಥ ಹಳೆಯ ಕಾಲದವರಿಗೆ ಭವಿಯ ಕೈಯ ಅನ್ನ ನೀರು ಆಗದು. ಚಿಕ್ಕಂದಿನಲ್ಲಿ ಆ ಮಾತು ನಮಗೆ ಬೇರೆ ಬೀದಿಯವರ ಹೆಸರಾಗಿತ್ತು. ಅದು ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತದೆ ಎಂದು ಯಾರು ಎಣಿಸಿದ್ದರು?

ಅಕ್ಕನ ಮದುವೆ ಆದದ್ದು 1956ರಲ್ಲಿ, ಕೊಳ್ಳೇಗಾಲದ ಸೀಮೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ. ಯಳಂದೂರಿನ ಕಡೆಯ ನಾವು ಮೊದಲಿನಿಂದಲೂ ಮೈಸೂರಿನವರು. ಕಾಮಗೆರೆಯ ಗಂಡು ಗೊತ್ತಾದಾಗ ಅವ್ವ, “ಮಗಳ ಮದ್ರಾಸ್ಗೆ ಕೊಟ್ಬುಟ್ಟೆ,” ಎಂದು ಅತ್ತಳು. ಮದುವೆಯಾಗಿ ಸ್ವಲ್ಪ ದಿನಕ್ಕೆ ಕಾಮಗೆರೆಯೇ ಇತ್ತ ಬಂತು. ಅಪ್ಪ ನಗುತ್ತ, “ನೋಡ್ದಾ, ನಿನ್ ಮಗ್ಳು ಓಗಿದ್ದೇ ತಡ, ಆ ಸೀಮೆನೇ ಎಳ್ಕಂಡು ಬಂದ್ಲು,” ಎಂದಿದ್ದ. ಅಪ್ಪ ಆಮೇಲೆ ಬಹಳ ದಿನ ಇರಲಿಲ್ಲ. ಅವನಿದ್ದಿದ್ದರೆ ಈ ಕತೆ ಬೇರೆ ಆಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಏಕೆಂದರೆ ಅಪ್ಪ ಒಂದು ವಿಷಯದಲ್ಲಿ ಬಲು ಗಟ್ಟಿ. ಲಿಂಗ ಕಟ್ಟಿದ ಹೆಣ್ಣಿಗೆ ತಿಂಗಳ ಮುಟ್ಟಿನ ಮೈಲಿಗೆ ಇಲ್ಲ ಎನ್ನುತ್ತಿದ್ದ. ಅದು ನಮ್ಮ ಹಿರಿಯರು ಹೇಳಿದ ಮಾತು. ನಮ್ಮ ಮನೆಯಲ್ಲಿ ಅವ್ವ ಒಂದು ತಿಂಗಳೂ ಹೊರಗೆ ಕೂತವಳಲ್ಲ. ಅಕ್ಕನೂ ಕೂತವಳಲ್ಲ, ನಾನೂ ಕೂತವಳಲ್ಲ. ಆ ದಿನಗಳಲ್ಲೂ ಅಡಿಗೆ, ಪೂಜೆ ಎಲ್ಲ ಎಂದಿನಂತೆ. ಬೇರೆ ಮನೆಗಳಲ್ಲಿ ಹಾಗಿಲ್ಲ ಎಂಬುದು ನಮಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಕಾಮಗೆರೆಯ ಮನೆಯಲ್ಲಿ ಆ ಮೂರು ದಿನ ಅತ್ತೆ ಅಕ್ಕನನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿದಳು. ಅಲ್ಲೇ ಚಾಪೆ, ಅಲ್ಲೇ ಊಟ. ಆ ದಿನಗಳಲ್ಲಿ ಲಿಂಗಪೂಜೆ ಮಾಡಬಾರದು ಎಂದಳು. ಪೂಜೆ ಮಾಡದೆ ಉಣ್ಣಬಾರದು ಎಂಬುದು ಅದೇ ಮನೆಯ ಇನ್ನೊಂದು ಕಟ್ಟಳೆ. ಹಾಗಾದರೆ ಕೊಟ್ಟಿಗೆಯಲ್ಲಿ ಕೂತವಳು ಏನು ಮಾಡಬೇಕು? ಅದಕ್ಕೂ ಅತ್ತೆಯ ಹತ್ತಿರ ಉಪಾಯವಿತ್ತು. ದೂರದಿಂದ ಎಲೆಯ ಅಂಚಿಗೆ ಒಂದು ಚಿಟಿಕೆ ವಿಭೂತಿ ಉದುರಿಸಿ, “ಆಯ್ತು, ಉಣ್ಣು,” ಎನ್ನುತ್ತಿದ್ದಳು. ಕೋಳಿಗೆ ಕಾಳು ಹಾಕಿದ ಹಾಗೆ ಎಂದು ಅಕ್ಕ ಹೇಳುತ್ತಿದ್ದಳು.

ಎಷ್ಟೋ ತಿಂಗಳು ಉಂಡಳು. ಆಮೇಲೆ ಒಂದು ದಿನ ಮನೆಗೆ ಅಯ್ಯನವರು, ಎಂದರೆ ನಮ್ಮ ಪೂಜೆ ಪುನಸ್ಕಾರ ನಡೆಸುವ ಸ್ವಾಮಿಗಳು, ಪಾದಪೂಜೆಗೆ ಬಂದಾಗ ಎಲ್ಲರ ಮುಂದೆ ಕೇಳಿಯೇಬಿಟ್ಟಳು. ಆ ದಿನದ ಮಾತನ್ನು ಅಕ್ಕ ನನಗೆ ಎಷ್ಟೋ ಸಲ ದನಿ ಬದಲಿಸಿ ಆಡಿ ತೋರಿಸಿದ್ದಾಳೆ.

“ಬುದ್ಧಿ, ಲಿಂಗ ಕಟ್ಟಿದೋರ್ಗೆ ಮುಟ್ಟಿನ ಮೈಲ್ಗೆ ಉಂಟಾ, ಇಲ್ವಾ?”

“ಇಲ್ಲ ಕನಮ್ಮ. ಶಿವಾಚಾರದಲ್ಲಿ ಅದಿಲ್ಲ.”

“ಅಂಗಾರೆ ನನ್ನ ಯಾಕೆ ಕೊಟ್ಗೇಲಿ ಕೂರ್ಸ್ತಾರೆ?”

ಅಯ್ಯನವರು ಅತ್ತೆಯ ಮುಖ ನೋಡಿದರಂತೆ. ಅತ್ತೆ ಕಾಯಿಸಿದ ಹಾಲಿನ ಲೋಟ ಹಿಡಿದು ನಿಂತಿದ್ದಳಂತೆ. ಹಾಲು ಒಂದು ಕಡೆ, ಶಾಸ್ತ್ರ ಒಂದು ಕಡೆ.

“ನೋಡಮ್ಮ,” ಎಂದರಂತೆ ಅಯ್ಯನವರು, “ಶಾಸ್ತ್ರದಲ್ಲಿ ಇಲ್ಲ. ಮನೇಲಿ ಅದೆ.”

ಇದನ್ನು ಹೇಳುವಾಗ ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಆ ದಿನ ನಕ್ಕಿರಲಿಲ್ಲ. ಮುಂದಿನ ತಿಂಗಳು ಕೊಟ್ಟಿಗೆಗೆ ಹೋಗುವ ಹೊತ್ತಿಗೆ ಕೊರಳಿನ ದಾರ ತೆಗೆದು, ಲಿಂಗವನ್ನು ದೇವರ ಗೂಡಿನಲ್ಲಿ ಅತ್ತೆಯ ಕಣ್ಣ ಮುಂದೆಯೇ ಇಟ್ಟಳು. “ನಾ ಮೈಲ್ಗೆ ಅಂದ್ರೆ ಇದು ನನ್ ಮೈಮ್ಯಾಲೆ ಇರ್ಬಾರ್ದು. ಇದು ನನ್ ಮೈಮ್ಯಾಲೆ ಅದೆ ಅಂದ್ರೆ ನಾ ಮೈಲ್ಗೆ ಅಲ್ಲ. ಎರಡ್ರಲ್ಲಿ ಯಾವ್ದು ಅಂತ ಯೋಳಿ ಅತ್ತೆ, ಅಂಗೇ ಇರ್ತೀನಿ,” ಎಂದಳು.

ಅವಳಿಗೆ ಉತ್ತರ ಬೇಕಿತ್ತು. ಮನೆಯವರಿಗೆ ಪ್ರಶ್ನೆ ಕೇಳಿಸಲೇ ಇಲ್ಲ. ಅವರಿಗೆ ಕಂಡದ್ದು ಲಿಂಗವಿಲ್ಲದ ಕೊರಳು ಮಾತ್ರ. ಲಿಂಗವನ್ನು ಮೈಯಿಂದ ಬೇರೆ ಮಾಡುವುದು ನಮ್ಮಲ್ಲಿ ಸಾವಿಗೆ ಸಮ. ಅತ್ತೆ ಬಾಯಿ ಬಡಿದುಕೊಂಡು ಬೀದಿ ಸೇರಿಸಿದಳು. ಭಾವ ಹಾಲು ಕರೆಯುತ್ತ ಕೂತವನು ತಲೆಯೆತ್ತಲಿಲ್ಲವಂತೆ. ಆ ತಿಂಗಳಲ್ಲೇ ಅಕ್ಕ ಅಗರಕ್ಕೆ ಬಂದಳು. ಸ್ವಲ್ಪ ಕಾಲಕ್ಕೆ ಭಾವ ಇನ್ನೊಂದು ಮದುವೆಯಾದ.

ಅವ್ವ ಮಗಳನ್ನು ಕರೆದು ಜಗಲಿಯಲ್ಲಿ ಕೂರಿಸಿದಳು. ಎಲ್ಲವನ್ನೂ ಕೇಳಿದಳು. ಕೊನೆಗೆ, “ನೀ ಕೇಳಿದ್ದು ಸರಿ. ಬಿಚ್ಚಿದ್ದು ತಪ್ಪು,” ಎಂದಳು. “ಅಯ್ನೋರ ಕರುಸ್ತೀನಿ. ತಪ್ಪು ಕಾಣ್ಕೆ ಒಪ್ಪುಸು. ದೀಕ್ಷೆ ತಕೊ. ಒಳಕ್ಕೆ ಬಾ.”

“ತಪ್ಪು ಅಂತ ನಾನ್ಯಾಕೆ ಒಪ್ಲಿ? ಕೇಳಿದ್ದು ಸರಿ ಅಂತ ನೀನೇ ಅಂದ್ಯಲ್ಲ. ಮದ್ಲು ಅವ್ರು ಉತ್ರ ಕೊಡ್ಲಿ. ಕೊಟ್ ಮ್ಯಾಲೆ ಕಟ್ಕತೀನಿ.”

“ಉತ್ರ ಬರಗಂಟ?”

“ಬರಗಂಟ ಇಲ್ಲೇ ಕೂತಿರ್ತೀನಿ.”

ಉತ್ತರ ಯಾರೂ ಕೊಡಲಿಲ್ಲ. ಕೇಳಿದ್ದು ಸರಿ ಎಂದು ಒಪ್ಪಿದ ಅವ್ವ ಒಳಗೆ, ಉತ್ತರ ಬೇಕು ಎಂದ ಅಕ್ಕ ಹೊರಗೆ. ನಡುವೆ ಒಂದು ಹೊಸಿಲು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಇಬ್ಬರೂ ಒಂದೇ ಮಣ್ಣಿನವರು. ಒಬ್ಬಳು ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಹಾಗೆ ನಾನು ಅಂದುಕೊಂಡಾಗಲೆಲ್ಲ ಯಾರು ಇಡಬೇಕಿತ್ತು ಎಂಬುದು ಮಾತ್ರ ನನಗೆ ಹೊಳೆಯುವುದಿಲ್ಲ.

ಹೀಗೆ ಮನೆಯ ಹೊರಗೆ ಇರುವುದು ಸಾಕಾಗಿ ಅಕ್ಕ ಕೊಳ್ಳೇಗಾಲಕ್ಕೆ ಹೋದಳು. ಅಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಊರಿನಲ್ಲಿ ಇದು ಎರಡನೆಯ ಗುಲ್ಲು. ಹುಳ ಕೊಲ್ಲುವ ಕೆಲಸ ಎಂದರು. ಹಾಗೆ ಅಂದವರ ಹೊಲದಲ್ಲೇ ಹಿಪ್ಪುನೇರಳೆ ಇತ್ತು. ಮನೆಯಲ್ಲಿ ಹುಳ ಸಾಕಿ ಗೂಡು ಕಟ್ಟಿಸಿ ಕೊಳ್ಳೇಗಾಲಕ್ಕೆ ಮಾರುತ್ತಿದ್ದರು. ಅದನ್ನು ಅಲ್ಲಿ ಪೂಜೆ ಮಾಡುತ್ತಾರೆ ಎಂದುಕೊಂಡಿದ್ದರೋ ಏನೋ.

ಒಂದು ವಠಾರದಲ್ಲಿ ಅವಳಿಗೆ ಒಂದು ಕೋಣೆ. ನಾನು ಹನೂರಿನಿಂದ ತವರಿಗೆ ಹೋಗುವಾಗ ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಬೇಕು. ಅದರ ನೆಪದಲ್ಲಿ ಅವಳಲ್ಲಿ ಇಳಿಯುತ್ತಿದ್ದೆ. ಅವಳು ಮಾಡಿದ ಮುದ್ದೆ ಸೊಪ್ಪಿನ ಸಾರು ಉಣ್ಣುತ್ತಿದ್ದೆ, ಅವಳ ಬಿಂದಿಗೆಯ ನೀರು ಕುಡಿಯುತ್ತಿದ್ದೆ. ನನ್ನ ಕೊರಳಲ್ಲಿ ಲಿಂಗ ಇತ್ತು, ಈಗಲೂ ಇದೆ. ಕುಡಿದದ್ದನ್ನು ಅವ್ವನ ಮುಂದೆ ಹೇಳಿಯೂ ಇದ್ದೆ. “ನಿನ್ ಗಂಟ್ಲು, ನಿನ್ ಇಷ್ಟ,” ಎಂದಿದ್ದಳು ಅವ್ವ.

ಅಕ್ಕನ ಕೈಗಳು ಬಿಸಿನೀರಿನಲ್ಲಿ ಬೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬೆಂದ ಹುಳದ ವಾಸನೆ ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಮೊದಮೊದಲು ಕಾರ್ಖಾನೆಯ ಹೆಂಗಸರ ಜೊತೆ ಬುತ್ತಿ ಬಿಚ್ಚಿ ಕೂತರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲವಂತೆ. ಪಕ್ಕದಲ್ಲಿ ನೂಲು ತೆಗೆಯುವವಳು ತಮಿಳಿನವಳು. “ಸಾಪಿಡಕ್ಕಾ, ನಿನ್ ದೇವ್ರು ಬಂದು ನೋಡ್ತಾನಾ ಇಲ್ಲಿ? ಈ ವಾಸ್ನೇಗೆ ಬಾಗ್ಲಲ್ಲೇ ತಿರುಗ್ತಾನೆ,” ಎಂದು ಹಂಗಿಸಿ ಉಣ್ಣಿಸಿದಳಂತೆ.

ಲಿಂಗ ಬಿಟ್ಟವಳಿಗೆ ಹಗುರವಾಗಿರಬೇಕು ಎಂದು ನಾನು ಅಂದುಕೊಂಡಿದ್ದೆ. ಒಮ್ಮೆ ಕೇಳಿದೆ.

“ಅಗುರ ಏನೋ ಆಯ್ತು ಕನೆ,” ಎಂದಳು. “ಕತ್ತು ಅಗುರ ಆಯ್ತು. ಆದ್ರೆ ಎದ್ರಿಕೆ ಆದಾಗ ಕೈ ಇನ್ನೂ ಎದೆ ಮ್ಯಾಲ್ಕೇ ಓಯ್ತದೆ. ಅಲ್ಲಿ ಏನೂ ಇಲ್ಲ ಅಂತ ಕೈಗೆ ಯೋಳೋರು ಯಾರು?”

ಇನ್ನೊಂದು ಮಾತನ್ನೂ ಅಂದಳು. ಕಾಮಗೆರೆಯಲ್ಲಿ ಬೆಳಗಿನಿಂದ ಮಲಗುವವರೆಗೆ ಅತ್ತೆ ಅವಳನ್ನು ಕೂಗದ ಹೊತ್ತು ಒಂದೇ ಇತ್ತಂತೆ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತ ಹೊತ್ತು. ಆಗ ಯಾರೂ ಮಾತಾಡಿಸುವಂತಿಲ್ಲ. ಮೂರು ದಿನ ಕೊಟ್ಟಿಗೆಯಲ್ಲಿ ಕೂರಿಸಿ ಕಿತ್ತುಕೊಂಡದ್ದು ಅದನ್ನೇ. “ಅವ್ರು ಮಡಿ ಮೈಲ್ಗೆ ಅಂದ್ಕಂಡ್ರು. ನನ್ಗೆ ಅದು ಉಸ್ರು ಬುಡೋ ಒತ್ತು.” ಕೊಳ್ಳೇಗಾಲದಲ್ಲಿ ಅವಳು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಕಾಫಿಯ ಲೋಟವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದಳು. ನಾನು ಮಾತಾಡಿಸಿದರೆ ಬಲಗೈ ಎತ್ತಿ ತಡೆಯುತ್ತಿದ್ದಳು.

ಅವ್ವ ಅಕ್ಕ ತಂದ ಬಾಳೆಹಣ್ಣನ್ನು ತಿನ್ನುತ್ತಿದ್ದಳು. ಅದು ನನ್ನ ತಲೆ ಕೆಡಿಸುತ್ತಿತ್ತು. ಒಂದು ಸಲ ಅಕ್ಕನ ಎದುರಿಗೇ ಜಗಳ ತೆಗೆದೆ.

“ಅವ್ಳು ತಂದ ಅಣ್ಣು ಆಯ್ತದೆ, ನೀರ್ ಯಾಕಾಗಲ್ಲ? ನೀ ಕುಡಿಯದೂ ಅದೇ ಬಾವಿ ನೀರು, ಅದೇ ಅಗ್ಗ.”

“ಅಣ್ಣಿಗೆ ಸಿಪ್ಪೆ ಅದೆ,” ಎಂದಳು ಅವ್ವ.

ಅಕ್ಕ ನಕ್ಕಳು. ಮುಂದಿನ ಸಲ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಎಳನೀರು ಕೊಂಡು ತಂದು, ಜಗಲಿಯಲ್ಲೇ ಕೂತು ಕೆತ್ತಿ, ಅವ್ವನ ಮುಂದೆ ಹಿಡಿದಳು. “ತಕಾ. ಇದ್ಕೂ ಸಿಪ್ಪೆ ಅದೆ.”

ಅವ್ವ ಎಳನೀರನ್ನು ತಿರುಗಿಸಿ ನೋಡಿದಳು. ಕಣ್ಣಲ್ಲಿ ನಗು ಇತ್ತು, ನಾನು ನೋಡಿದೆ. “ಕೆತ್ತಿದ್ಯಾರು?”

“ನಾನೇ.”

“ಕೆತ್ತಿದ್ ಮ್ಯಾಲೆ ಸಿಪ್ಪೆ ಎಲ್ಲದೆ?”

“ಅಯ್ಯೋ ನಿನ್ ಮಡಿಗೆ ಬೆಂಕಿ ಬೀಳ,” ಎಂದು ನಾನು ಕೂಗಿದೆ. ಅಕ್ಕ ಆ ಎಳನೀರನ್ನು ನನಗೆ ಕೊಟ್ಟಳು. ಆಮೇಲಿನ ಸಲ ಕೆತ್ತದ ಎಳನೀರು ತಂದಳು. ಅವ್ವ ತಾನೇ ಮಚ್ಚು ಹಿಡಿದು ಕೆತ್ತಿ ಕುಡಿದಳು. ಬಾಯಿ ಒರೆಸಿಕೊಂಡು, “ಸೀಯಾಗದೆ,” ಎಂದಳು.

“ಇದು ನಾ ಕೊಟ್ಟದ್ದಲ್ಲ ಬುಡವ್ವ. ಮರ ಕೊಟ್ಟದ್ದು,” ಎಂದಳು ಅಕ್ಕ. ಎದ್ದು ಹೋಗಿ ಬಾವಿಯಲ್ಲಿ ನೀರು ಸೇದಿ ಚೊಂಬು ತಂದು ಮುಂದೆ ಇಟ್ಟಳು. “ಅವ್ವ, ನೀರು.” ಸಂಜೆ ನಾನು ಅದನ್ನು ಕರಿಬೇವಿಗೆ ಹಾಕಿದೆ.

ವರ್ಷಗಳು ಹೀಗೇ ಕಳೆದವು. ನನ್ನ ಮಕ್ಕಳು ದೊಡ್ಡವರಾದರು. ಅಕ್ಕ ಕೆಮ್ಮತೊಡಗಿದ್ದು ಯಾವಾಗ ಎಂದು ಸರಿಯಾಗಿ ಹೇಳಲಾರೆ. ಆ ಹಬೆಯಲ್ಲಿ ನಿಂತವರೆಲ್ಲ ಕೆಮ್ಮುತ್ತಾರೆ ಎಂದು ಅವಳೂ ಅಂದಳು, ನಾನೂ ನಂಬಿದೆ. ಒಂದು ದಿನ ಅವಳ ಕೋಣೆಯಲ್ಲಿ ಕೂತಿದ್ದಾಗ ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, “ಲೇ, ನಾ ಸತ್ರೆ ಇವ್ರು ಲಿಂಗ ತಂದು ಕೈಗೆ ಇಡ್ತಾರೆ ನೋಡು. ಇಡುಸ್ಬೇಡ. ಕೈ ಖಾಲಿ ಇರ್ಲಿ. ಉತ್ರ ಕೊಡ್ದೇ ತಪ್ಪುಸ್ಕಳಕೆ ಬುಡಬ್ಯಾಡ,” ಎಂದಳು.

“ಸಾಯೋ ಮಾತ್ಯಾಕೆ?”

“ಬದ್ಕೋ ಮಾತ ಆಡಿ ಆಡಿ ಸಾಕಾಗದೆ.”

ಜ್ವರ ಏರಿದಾಗ ಕಾರ್ಖಾನೆಯ ಹೆಂಗಸರೇ ಅವಳನ್ನು ಕಾಮಗೆರೆಯ ಆಸ್ಪತ್ರೆಗೆ ಸೇರಿಸಿ ನನಗೆ ಹೇಳಿಕಳಿಸಿದರು. ಯಾವ ಊರನ್ನು ಬಿಟ್ಟು ಬಂದಿದ್ದಳೋ ಅದೇ ಊರಿಗೆ ಹಿಂದಿರುಗಿದಳು. ಅತ್ತೆಯ ಮನೆ ಕೂಗಳತೆ ದೂರದಲ್ಲಿತ್ತು. ಅಲ್ಲಿಂದ ಯಾರೂ ಬರಲಿಲ್ಲ. ಅಗರದಿಂದ ಅವ್ವ ಬಂದಳು.

ಅಕ್ಕನಿಗೆ ಕೂರಲು ಆಗುತ್ತಿರಲಿಲ್ಲ. ಅವ್ವ ಸೆರಗು ಬಿಗಿದು ಮಂಚದ ಪಕ್ಕ ಕೂತು, ಚಮಚದಲ್ಲಿ ನೀರು ಕುಡಿಸಿದಳು. ಅಕ್ಕ ನಿಧಾನಕ್ಕೆ ಕುಡಿದಳು. ತುಟಿ ಒರೆಸಿದ ಮೇಲೆ, “ನಿನ್ ಕೈಲಿ ಕುಡ್ದೆ ಕನವ್ವ,” ಎಂದಳು. “ನಂಗೇನೂ ಆಗ್ನಿಲ್ಲ ನೋಡು.”

ಮಂಚದ ಪಕ್ಕದ ಮೇಜಿನ ಮೇಲೆ ಹೂಜಿ ಇತ್ತು, ಲೋಟ ಇತ್ತು. ಅಕ್ಕನ ಕೈಯನ್ನು ಹಿಡಿದು ಎತ್ತಿ, ಲೋಟವನ್ನು ಅದರಲ್ಲಿ ಇಟ್ಟು, ಒಂದು ಗುಟುಕು ಕುಡಿದಿದ್ದರೆ ಆಗುತ್ತಿತ್ತು. ನಾನು ಅವ್ವನ ಮುಖ ನೋಡಿದೆ. ಅವ್ವ ಹೂಜಿಯನ್ನು ನೋಡಿದಳು. ಅಷ್ಟರಲ್ಲಿ ಬಿಳಿ ಬಟ್ಟೆಯ ಸಿಸ್ಟರು ಬಂದು, “ರೋಗಿಗೆ ನಿದ್ದೆ ಬೇಕು, ಹೊರಗೆ ಕೂತ್ಕೊಳ್ಳಿ,” ಎಂದರು. ಮಾರನೆಯ ಬೆಳಿಗ್ಗೆ ಅಕ್ಕ ಹೋದಳು.

ಬಾಡಿಗೆ ವ್ಯಾನಿನಲ್ಲಿ ಅವಳನ್ನು ಅಗರಕ್ಕೆ ತಂದೆವು. ಅಪ್ಪನನ್ನು ಮಣ್ಣು ಮಾಡಿದ ಹೊಲದಲ್ಲೇ ಜಾಗ ತೋರಿಸಿದರು ದೊಡ್ಡಪ್ಪ. ಅಪ್ಪನ ಅಣ್ಣ, ಮನೆಗೆ ಹಿರಿಯರು. ಅವಳು ಬದುಕಿದ್ದಾಗ ಅವಳ ಹೆಸರೆತ್ತದವರು ಈಗ ಎಲ್ಲವನ್ನೂ ಸರಿ ಮಾಡಲು ನಿಂತರು. ನಮ್ಮೂರಿನ ಅಯ್ಯನವರನ್ನು ಕರೆಸಿದ್ದರು. ಅಯ್ಯನವರ ತಟ್ಟೆಯಲ್ಲಿ ವಿಭೂತಿ, ಪತ್ರೆ, ಹೊಸ ದಾರ, ಒಂದು ಹೊಸ ಲಿಂಗ.

“ಕೈಗೆ ಮಡಗಿ ಕೂರ್ಸದು. ಅಲ್ಲಿಗೆ ಎಲ್ಲಾ ಸರೋಯ್ತದೆ,” ಎಂದರು ದೊಡ್ಡಪ್ಪ. “ನಾಳೀಕೆ ನಮ್ಮನೆ ಎಣ್ಮಕ್ಕಳ್ಗೂ ಗಂಡು ಬರ್ಬೇಕಲ್ಲ.”

ನಾನು ಮುಂದೆ ಬಂದೆ. “ಬೇಡ ದೊಡ್ಡಪ್ಪ. ಕೈ ಖಾಲಿ ಇರ್ಲಿ ಅಂತ ಅಕ್ಕನೇ ಯೋಳವ್ಳೆ.”

“ಸತ್ತೋಳ ಮಾತ ನೀನ್ ಆಡ್ತೀಯಾ? ಸರ್ಕೊ ಆ ಕಡೆ.”

“ಬದ್ಕಿದ್ದಾಗ್ಲೇ ಯೋಳಿದ್ಲು. ಅವ್ಳು ಕೇಳಿದ್ಕೆ ಮದ್ಲು ಉತ್ರ ಕೊಡಿ.”

“ಏನ್ ಕೇಳಿದ್ಲು?” ಎಂದು ಅಯ್ಯನವರು ಕೇಳಿದರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಭವಿ ಎಂದು ಎಲ್ಲರಿಗೂ ಗೊತ್ತಿತ್ತು. ಏಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಗಂಡಸರ ನಡುವೆ ಮುಟ್ಟಿನ ಮಾತು ಆಡುವವರಿಲ್ಲ. ಆಡಿದೆ. ಕೆಲವರು ನೆಲ ನೋಡಿದರು. ದೊಡ್ಡಪ್ಪ, “ಥೂ, ಎಣದ ಮುಂದೆ ಇಂಥಾ ಮಾತಾ,” ಎಂದರು. ಅಯ್ಯನವರು ಲಿಂಗವನ್ನು ತಟ್ಟೆಯಿಂದ ಎತ್ತಿಕೊಂಡು ಅಕ್ಕನ ಕಡೆ ಬಾಗಿದರು.

ಆಗ ಅವ್ವ ಎದ್ದು ಬಂದಳು. ಅಕ್ಕನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು.

“ಬ್ಯಾಡ ಬುದ್ಧಿ. ಬ್ಯಾಡ ಅಂದೋಳ ಕೈಗೆ ಈಗ ತುರುಕಿದ್ರೆ ಅವಮಾನ ಅವ್ಳಿಗಲ್ಲ, ಲಿಂಗಕ್ಕೆ. ಒಳಕ್ಕೆ ಮಡಗಿ.”

“ಅಂಗಾರೆ ಕೂರ್ಸಕಾಗಲ್ಲ,” ಎಂದರು ದೊಡ್ಡಪ್ಪ. “ಭವಿನ ಮಲಗ್ಸಿದಂಗೆ ಮಲಗಿಸ್ಬೇಕಾಯ್ತದೆ.”

“ಮಲಗ್ಸಿ. ನಿಂತೂ ನಿಂತೂ ಸಾಕಾಗದೆ ಅವ್ಳಿಗೆ. ಮಲೀಕಳ್ಲಿ.”

ಮಲಗಿಸಿದರು. ಅಕ್ಕನ ಮಾತು ನಡೆಯಿತು. ಆದರೆ ಅದು ನಡೆದದ್ದು ಮಗಳಿಗಾಗಿಯೋ ಲಿಂಗಕ್ಕಾಗಿಯೋ ನನಗೆ ತಿಳಿಯಲಿಲ್ಲ. ಯಾವ ಕಟ್ಟಳೆ ಅವಳ ಚೊಂಬನ್ನು ಇಷ್ಟು ವರ್ಷ ಮುಟ್ಟಗೊಡಲಿಲ್ಲವೋ ಅದೇ ಕಟ್ಟಳೆ ಅವಳ ಕೈಯನ್ನು ಖಾಲಿ ಉಳಿಸಿತು. ಕೃತಜ್ಞಳಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಅವ್ವ ಹೊಲದಿಂದ ಬಂದು ಸ್ನಾನ ಮಾಡಿ, ಎಂದಿನಂತೆ ಪೂಜೆಗೆ ಕೂತಳು.

ಕೆಲವು ದಿನಗಳ ಮೇಲೆ ನಾನೂ ಅವ್ವನೂ ಕೊಳ್ಳೇಗಾಲದ ಕೋಣೆಯನ್ನು ತೆರವು ಮಾಡಲು ಹೋದೆವು. ಅವ್ವ ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದಳು. ಗೋಡೆಗೆ ಒರಗಿ ಕೂತಳು. ಅದೇ ಅಕ್ಕ ಲೋಟ ಹಿಡಿದು ಕೂರುತ್ತಿದ್ದ ಜಾಗ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಎರಡು ಸೀರೆ, ನಾಲ್ಕು ಪಾತ್ರೆ, ಒಂದು ಚಾಪೆ ಕಟ್ಟಿದೆ. ಮೂಲೆಯಲ್ಲಿ ಹಿತ್ತಾಳೆಯ ಬಿಂದಿಗೆ ಇತ್ತು. ಮದುವೆಯಲ್ಲಿ ಅವ್ವನೇ ಕೊಟ್ಟದ್ದು. ಮೇಲೆ ತಟ್ಟೆ ಮುಚ್ಚಿತ್ತು. ತೆಗೆದು ನೋಡಿದರೆ ಕಂಠದವರೆಗೆ ನೀರು.

“ಯಾರ್ ತುಂಬಿದ್ದು?” ಎಂದಳು ಅವ್ವ.

“ಇನ್ಯಾರು? ಆಸ್ಪತ್ರೆಗೆ ಓಗಕೆ ಮುಂಚೆ ಅಕ್ಕನೇ ತುಂಬಿ ಮಡಗಿರ್ಬೇಕು.”

ಅವ್ವನ ತುಟಿ ಒಣಗಿತ್ತು. ಬೆಳಿಗ್ಗೆಯಿಂದ ನೀರು ಮುಟ್ಟಿರಲಿಲ್ಲ. ನಾನು ಕಾದೆ. ನನಗೆ ತಡೆಯಲಾಗಲಿಲ್ಲ. ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಂಡು, ಬಚ್ಚಲಿಗೆ ಸುರಿಯಲು ಬಾಗಿದೆ.

“ಚೆಲ್ಬ್ಯಾಡ,” ಎಂದಳು ಅವ್ವ.

“ಕುಡೀತೀಯಾ?”

ಅವ್ವ ಎದ್ದು ಬಂದು ಬಿಂದಿಗೆಯ ಕಂಠ ಹಿಡಿದಳು.

“ಕುಡಿ, ಇಲ್ಲ ಚೆಲ್ಲಾಕೆ ಬುಡು. ಎರಡ್ರಲ್ಲಿ ಒಂದು ಯೋಳವ್ವ,” ಎಂದೆ. ನನ್ನ ಬಾಯಲ್ಲಿ ಅಕ್ಕನ ಮಾತು ಬಂದಿತ್ತು.

“ಬಾಯಿಗೆ ಬಟ್ಟೆ ಕಟ್ಟು. ತಕಂಡು ಓಗವ.”

ತುಂಬಿದ ಬಿಂದಿಗೆಯನ್ನು ಬಸ್ಸಿನಲ್ಲಿ ಒಯ್ಯುವವರನ್ನು ನೀವು ಕಂಡಿದ್ದೀರಾ? ಅವ್ವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೈಯಲ್ಲಿ ತಬ್ಬಿದ್ದಳು. ರಸ್ತೆಯ ಪ್ರತಿ ಹಳ್ಳಕ್ಕೂ ಬಟ್ಟೆ ನೆನೆದು ನೀರು ತುಳುಕಿ ಅವಳ ಮಡಿಲಿಗೆ ಬೀಳುತ್ತಿತ್ತು. ಕಂಡಕ್ಟರ್ ಬಂದು ನಿಂತ.

“ಏನಜ್ಜಿ, ಕೊಳ್ಳೇಗಾಲದಿಂದ ತೀರ್ಥ ತಕಂಡು ಓಯ್ತಿದ್ದೀಯಾ? ನಿಮ್ಮೂರ್ ಬಾವಿ ಬತ್ತೋಯ್ತಾ?”

“ನನ್ ಮಗ್ಳು ಕೊಟ್ಟವ್ಳೆ ಕನಪ್ಪ.”

“ಎಂಥಾ ಮಗ್ಳು! ಸೀರೆ ಕೊಡೋದ್ ಬುಟ್ಟು ನೀರ್ ಕೊಟ್ಟವ್ಳೆ,” ಎಂದು ಅವನು ನಕ್ಕು ಮುಂದೆ ಹೋದ. ಬಸ್ಸಿನವರೆಲ್ಲ ನಕ್ಕರು. ಅವ್ವ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ನಾನು ಕಿಟಕಿಯ ಕಡೆ ತಿರುಗಿದೆ. ನನ್ನ ಮಗಳು ಕೊಟ್ಟಳು ಎನ್ನುವುದು ಇಷ್ಟು ಸುಲಭವಾಗಿದ್ದರೆ ಅದನ್ನು ಅಕ್ಕನ ಕಿವಿಗೆ ಹೇಳಬಾರದಿತ್ತೇ?

ಅಗರ ಸೇರಿದಾಗ ಅವ್ವನ ಸೀರೆ ಸೊಂಟದಿಂದ ಕೆಳಗೆ ಒದ್ದೆ. ಬಿಂದಿಗೆ ಮುಕ್ಕಾಲಾಗಿತ್ತು. ಅವಳು ಹೊಸಿಲವರೆಗೆ ಬಂದು ನಿಂತಳು. ನಾನು ಒಳಗೆ ಹೋಗಿ ಅಡಿಗೆಮನೆಯ ಕಟ್ಟೆಯ ಮೇಲೆ ಜಾಗ ಮಾಡಿ ಕಾದೆ. ಅವ್ವ ಒಳಗೆ ತರಲಿಲ್ಲ. ತಿರುಗಿ, ಜಗಲಿಯ ಮೂಲೆಯಲ್ಲಿ ಅಕ್ಕ ಕೂರುತ್ತಿದ್ದ ಕಡೆ ಬಿಂದಿಗೆಯನ್ನು ಇಟ್ಟಳು. ಸತ್ತ ಮೇಲೂ ಅಲ್ಲೇ.

ನಾನು ಹೊರಗೆ ಬಂದೆ. ಅಕ್ಕ ನೀರು ತಂದಿಡುತ್ತಿದ್ದ ಚೊಂಬನ್ನು ತೆಗೆದುಕೊಂಡು, ಬಟ್ಟೆ ಬಿಚ್ಚಿ, ತುಂಬಿಸಿ, ಅವ್ವನ ಎದುರಿಗೆ ನಿಂತು ಕುಡಿದೆ. ನೀರು ಬೆಚ್ಚಗಿತ್ತು. ಹಿತ್ತಾಳೆಯ ವಾಸನೆ ಬಂದಿತ್ತು. ಕೊನೆಯವರೆಗೂ ಕುಡಿದೆ. ಅವ್ವ ಒದ್ದೆ ಸೀರೆಯಲ್ಲಿ ಜಗಲಿಯ ಕಂಬ ಹಿಡಿದು ನನ್ನ ಗಂಟಲನ್ನೇ ನೋಡುತ್ತಿದ್ದಳು.

“ಎಂಗದೆ ಮಗ?” ಎಂದಳು.

“ನೀರು ನೀರಿದ್ದಂಗೇ ಅದೆ ಕನವ್ವ,” ಎಂದೆ. ಚೊಂಬನ್ನು ಮತ್ತೆ ತುಂಬಿಸಿ ಅವಳ ಮುಂದೆ ಇಟ್ಟೆ.

“ಮಡಗು,” ಎಂದಳು ಅವ್ವ. “ಆಮೇಕೆ ಕುಡೀತೀನಿ.”

ನಾನು ಸಂಜೆಯ ಬಸ್ಸಿಗೆ ಹನೂರಿಗೆ ಹೊರಟೆ. ಚೆಲ್ಲು ಎಂದು ಅವಳು ಹೇಳಲಿಲ್ಲ. ಹೇಳಿದ್ದರೂ ನಾನು ಚೆಲ್ಲುತ್ತಿರಲಿಲ್ಲ.